ಬಿಚ್ಚಿದವನ ಹೊಣೆ

ಅಕ್ಕಿಯ ಗೋಣಿಯೊಂದರಲ್ಲಿ ಕಾರಿನ ಇಂಜಿನ್ನಿನ ಬಿಡಿಭಾಗಗಳನ್ನು ತುಂಬಿ, ಬಾಯಿಗೆ ಹಗ್ಗ ಕಟ್ಟಿ, "ತೆಗೊಳ್ಳಿ ಸರ್" ಎಂದು ಕೈಗೆ ಕೊಟ್ಟರೆ ಹೇಗನ್ನಿಸಬಹುದು? ಆ ಗೋಣಿಯೊಳಗೆ ಇದ್ದದ್ದು ನನ್ನ ಅಬ್ಬಾ ತಮ್ಮ ಕೊನೆಯ ವರ್ಷಗಳವರೆಗೂ ಪ್ರತಿ ಶುಕ್ರವಾರ ಬೆಳಿಗ್ಗೆ ತಾವೇ ತೊಳೆದು ಒರೆಸುತ್ತಿದ್ದ ಕಾರಿನ ಜೀವ.

"ಈ ಕಂಪೆನಿಯದ್ದು ನಮಗೆ ಗೊತ್ತಿಲ್ಲ ಸರ್. ಸ್ಪೇರೂ ಸಿಗುದಿಲ್ಲ. ಸುಮ್ಮನೆ ಗುಜರಿಗೆ ಕೊಟ್ಟುಬಿಡಿ" ಎಂದರು ಗ್ಯಾರೇಜಿನವರು. ಅವರು ಈ ಮಾತು ಹೇಳಿದ್ದು ಕಾರು ಅಲ್ಲಿಗೆ ಹೋದ ಇಪ್ಪತ್ತನೆಯ ದಿನ.

ಅದಾಗಿ ಒಂದು ವಾರಕ್ಕೆ ಇನ್ನೊಬ್ಬ ಮೇಸ್ತ್ರಿಯ ಬಳಿ ಹೋದೆ. ಅವರೂ "ನನಗೆ ಗೊತ್ತಿಲ್ಲ" ಎಂದೇ ಹೇಳಿದರು. ಆದರೆ ಅವರು ಹೇಳಿದ್ದು ಮೊದಲ ನಿಮಿಷದಲ್ಲಿ, ಒಂದು ಬೋಲ್ಟನ್ನೂ ಮುಟ್ಟುವ ಮೊದಲು. ಮಾತು ಒಂದೇ. ಒಬ್ಬರ ಬಾಯಿಯಲ್ಲಿ ಅದು ನನ್ನನ್ನು ಕಂಗೆಡಿಸಿತು, ಇನ್ನೊಬ್ಬರ ಬಾಯಿಯಲ್ಲಿ ಧೈರ್ಯ ಕೊಟ್ಟಿತು. ಯಾಕೆ ಹೀಗೆ? ನಮಗೆ ಗೊತ್ತಿಲ್ಲದ ವಸ್ತುವಿನ ಜೊತೆ ನಾವು ಹೇಗೆ ನಡೆದುಕೊಳ್ಳಬೇಕು? ಅದನ್ನು ಬಿಚ್ಚುವ ಹಕ್ಕು ನಮಗೆ ಎಲ್ಲಿಂದ ಬರುತ್ತದೆ? ಆ ಗೋಣಿ ನನ್ನ ತಲೆಯಲ್ಲಿ ಹುಟ್ಟಿಸಿದ ಪ್ರಶ್ನೆಗಳಿವು.

ಮೊದಲು ಕಾರಿನ ವಿಷಯ ಹೇಳಬೇಕು. ಅದು 2001ರಲ್ಲಿ ಅಬ್ಬಾ ಕೊಂಡ ಡೇವೂ ಮ್ಯಾಟಿಜ್. ಇಂದಿನ ಹುಡುಗರಿಗೆ ಹೆಸರು ಕೂಡ ಗೊತ್ತಿರಲಿಕ್ಕಿಲ್ಲ. ಕೊರಿಯಾದ ಡೇವೂ ಕಂಪೆನಿ 1998ರಲ್ಲಿ ಈ ಪುಟ್ಟ ಕಾರನ್ನು ನಮ್ಮ ದೇಶಕ್ಕೆ ತಂದಿತು. ಅದರ ಗುಂಡು ಕಣ್ಣಿನ ರೂಪವನ್ನು ಬರೆದದ್ದು ಇಟಲಿಯ ಜ್ಯೂಜಾರೋ ಅವರ ಇಟಾಲ್‌ಡಿಸೈನ್ ಸಂಸ್ಥೆ, ತಯಾರಾದದ್ದು ದಿಲ್ಲಿಯ ಹತ್ತಿರದ ಸೂರಜ್‌ಪುರದಲ್ಲಿ. ಮರುವರ್ಷವೇ, 1999ರಲ್ಲಿ, ಕೊರಿಯಾದಲ್ಲಿ ಡೇವೂ ಸಮೂಹ ಸಾಲದ ಹೊರೆಯಲ್ಲಿ ಕುಸಿಯಿತು. 2000ದ ನವೆಂಬರಿನಲ್ಲಿ ಅದರ ಕಾರು ಕಂಪೆನಿ ದಿವಾಳಿಯಾಯಿತು. ಅಮೆರಿಕದ ಜನರಲ್ ಮೋಟಾರ್ಸ್ ಕೊರಿಯಾದ ಮುಖ್ಯ ಕಾರ್ಖಾನೆಗಳನ್ನು ಕೊಂಡಿತು, ನಮ್ಮ ಸೂರಜ್‌ಪುರದ ಕಾರ್ಖಾನೆ ಆ ವ್ಯಾಪಾರದಲ್ಲಿ ಸೇರಲಿಲ್ಲ. ಕೆಲವೇ ವರ್ಷಗಳಲ್ಲಿ ಇಲ್ಲಿನ ಮ್ಯಾಟಿಜ್‌ಗಳು ದಿಕ್ಕಿಲ್ಲದ ಕಾರುಗಳಾದವು.

"ಕಂಪೆನಿ ಮುಳುಗುತ್ತಿದೆಯಂತೆ" ಎಂದು ನೆಂಟರು ಎಚ್ಚರಿಸಿದ್ದರು. "ಕಂಪೆನಿ ತಾನೇ ಮುಳುಗುವುದು, ಕಾರಲ್ಲವಲ್ಲ" ಎಂದು ಅಬ್ಬಾ ನಕ್ಕಿದ್ದರು. ಅವರ ಮಾತು ಸುಳ್ಳಾಗಲಿಲ್ಲ. ಅವರು ಇರುವವರೆಗೂ ಅದು ಓಡಿತು. ಅದನ್ನು ಕೊಂದವನು ನಾನು.

ಮೂಡಬಿದಿರೆಯಲ್ಲಿ ಒಂದು ನಿಕಾಹ್ ಇತ್ತು. ತಡವಾಗಿತ್ತು. ಗುರುಪುರ ದಾಟಿ ಏರು ಹತ್ತುವಾಗ ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟಿದ್ದನ್ನು ನಾನು ನೋಡಿದೆ. ನೋಡಿಯೂ ನಿಲ್ಲಿಸಲಿಲ್ಲ, ಹಾಲ್ ತಲುಪಿದ ಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ. ರೇಡಿಯೇಟರಿನ ಪೈಪು ಬಿರಿದು ನೀರೆಲ್ಲ ಹೋಗಿತ್ತು. ಆ ಇಂಜಿನ್ನಿನ ಕೆಳಗಿನ ಬ್ಲಾಕು ಎರಕದ ಕಬ್ಬಿಣದ್ದು, ಮೇಲಿನ ಹೆಡ್ಡು ಅಲ್ಯೂಮಿನಿಯಮ್ಮಿನದು. ಅತಿಯಾದ ಬಿಸಿಗೆ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಹೆಡ್ಡು ಬಾಗುತ್ತದೆ, ನಡುವಿನ ಗ್ಯಾಸ್ಕೆಟ್ ಸುಡುತ್ತದೆ, ನೀರು ಆಯಿಲಿಗೆ ಇಳಿಯುತ್ತದೆ. ಮದುವೆ ಊಟ ಮುಗಿಸಿ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲಿಗೆ ಹಾಲು ಹಾಕಿದ ಚಹಾದ ಬಣ್ಣ. ಅಂಥ ಆಯಿಲಿನಲ್ಲೇ ಮತ್ತೆ ಹತ್ತು ಮೈಲಿ ಓಡಿಸಿದೆ. ಬೇರಿಂಗ್, ಪಿಸ್ಟನ್ ಎಲ್ಲ ಸವೆದು ಕೂತವು.

ಮೊದಲ ಗ್ಯಾರೇಜಿನವರನ್ನು ಇಲ್ಲಿ ದೂರುವುದು ನನ್ನ ಉದ್ದೇಶವಲ್ಲ. ಗೊತ್ತಿಲ್ಲದಿರುವುದು ಯಾರದ್ದೂ ತಪ್ಪಲ್ಲ. ಅವರು ಹೆಡ್ಡು ತೆಗೆದರು, ಕೆಳಗಿನ ಸಂಪ್ ತೆಗೆದರು, ಪಿಸ್ಟನ್‌ಗಳನ್ನೂ ಹೊರಗೆಳೆದರು. ಯಾವ ಬೋಲ್ಟು ಎಲ್ಲಿಯದು ಎಂದು ಗುರುತು ಹಾಕಲಿಲ್ಲ. ಎಲ್ಲ ಬಿಚ್ಚಿದ ಮೇಲೆ, ಇದು ತಮ್ಮ ಕೈಯಲ್ಲಿ ಆಗದ ಕೆಲಸವೆಂದು ಅವರಿಗೆ ತಿಳಿಯಿತು. ಅಷ್ಟರಲ್ಲಿ ಬೇರೆ ಯಾರ ಕೈಯಲ್ಲೂ ಸುಲಭಕ್ಕೆ ಆಗದ ಹಾಗೆ ಅದು ಆಗಿಹೋಗಿತ್ತು. ಕೆಟ್ಟ ಇಂಜಿನ್ ಒಂದು ಸ್ಥಿತಿ. ಕೆಟ್ಟು, ಬಿಚ್ಚಿ, ಗುರುತು ಕಳೆದುಕೊಂಡ ಇಂಜಿನ್ ಅದಕ್ಕಿಂತ ಕೆಳಗಿನ ಸ್ಥಿತಿ.

ಎರಡನೆಯ ಮೇಸ್ತ್ರಿಯ ಗ್ಯಾರೇಜು ಪಡೀಲಿನ ಕಡೆ, ಮುರಕಲ್ಲಿನ ಗೋಡೆ, ತಗಡಿನ ಮಾಡು. ಅರವತ್ತು ದಾಟಿದ ಮನುಷ್ಯ, ಹುಡುಗನಾಗಿದ್ದಾಗ ಬಸ್ಸಿನ ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಹಿಡಿಯಲು ಕಲಿತವರು. ಗೋಣಿಯ ಬಾಯಿ ಬಿಚ್ಚಿ ಒಳಗೆ ಇಣುಕಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ಮಾಷ್ಟ್ರೆ, ಈ ಇಂಜಿನ್ ನಾನು ಇಷ್ಟರವರೆಗೆ ಮಾಡಿದ್ದಿಲ್ಲ. ಗೊತ್ತುಂಟು ಅಂತ ಸುಳ್ಳು ಹೇಳುದಿಲ್ಲ. ಕಲಿತು ಮಾಡ್ಬೇಕು. ಕಲಿಯುವ ಖರ್ಚು ನಿಮ್ಮ ಬಿಲ್ಲಿಗೆ ಹಾಕುದಿಲ್ಲ, ಆದ್ರೆ ದಿನ ಹಿಡಿತದೆ. ಸ್ಪೇರು, ಲೇತಿನ ಕೆಲಸ ಎಲ್ಲ ಸೇರಿದ್ರೆ ಗಾಡಿಯ ಬೆಲೆಗಿಂತ ಜಾಸ್ತಿ ಆದೀತು. ಮನೆಯಲ್ಲಿ ಕೇಳಿ ಹೇಳಿ."

ಈ ನಾಲ್ಕು ಮಾತುಗಳಿಂದ ಅವರ ಕೈತಪ್ಪಿ ಹೋಗಬಹುದಾಗಿದ್ದದ್ದು ಅವರದೇ ಕೆಲಸ. "ಅಷ್ಟು ಹಣಕ್ಕೆ ಒಳ್ಳೆಯ ಹಳೆ ಕಾರೇ ಸಿಗುತ್ತದಲ್ಲ" ಎಂದು ನನ್ನ ಮಗನೂ ಹೇಳಿದ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಆದರೂ ನಾನು ಒಪ್ಪಿದೆ. ಅಬ್ಬಾನ ನೆನಪು ಅದಕ್ಕೆ ಅರ್ಧ ಕಾರಣ. ಇಷ್ಟು ನೇರವಾಗಿ ಮಾತನಾಡುವವರ ಕೈಯಲ್ಲಿ ಹಣ ಹಾಳಾಗುವುದಾದರೆ ಹಾಳಾಗಲಿ ಎಂಬುದು ಉಳಿದರ್ಧ.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಎಷ್ಟೋ ಸಂಜೆ ನಾನು ಅಲ್ಲಿ ಹೋಗಿ ಕೂತಿದ್ದೇನೆ. ಮೊದಲ ಎರಡು ದಿನ ಮೇಸ್ತ್ರಿ ಮಾಡಿದ್ದು ತೊಳೆಯುವ ಕೆಲಸ ಮಾತ್ರ. ಪ್ರತಿಯೊಂದು ಭಾಗವನ್ನೂ ಡೀಸೆಲಿನಲ್ಲಿ ತೊಳೆದು ತಗಡಿನ ಮೇಲೆ ಸಾಲಾಗಿ ಇಟ್ಟರು. ಆಮೇಲೆ ಒಂದು ರಟ್ಟಿನ ಪೆಟ್ಟಿಗೆ ಹರಿದು ಅದರ ಮೇಲೆ ಹೆಡ್ಡಿನ ಆಕಾರ ಬರೆದರು. ಯಾವ ತೂತಿಗೆ ಯಾವ ಬೋಲ್ಟು ಎಂದು ಖಚಿತವಾದ ಹಾಗೆಲ್ಲ ಅದನ್ನು ರಟ್ಟಿನ ಅದೇ ಜಾಗಕ್ಕೆ ಚುಚ್ಚುತ್ತ ಹೋದರು. "ಕೈಗೆ ಮರೆವು ಉಂಟು ಮಾಷ್ಟ್ರೆ, ರಟ್ಟಿಗೆ ಇಲ್ಲ" ಎಂದರು.

ಹೆಚ್ಚು ಕಷ್ಟವಾದದ್ದು ಕನೆಕ್ಟಿಂಗ್ ರಾಡುಗಳ ಟೋಪಿಗಳದ್ದು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡಿನ ಕೆಳತುದಿ ಎರಡು ಹೋಳಾಗಿರುತ್ತದೆ. ಕಾರ್ಖಾನೆಯಲ್ಲಿ ರಾಡು ಮತ್ತು ಟೋಪಿಯನ್ನು ಒಟ್ಟಿಗೆ ಬಿಗಿದು ತೂತು ಕೊರೆಯುತ್ತಾರೆ. ಹಾಗಾಗಿ ಒಂದರ ಟೋಪಿ ಇನ್ನೊಂದಕ್ಕೆ ಆಗುವುದಿಲ್ಲ. ಕಣ್ಣಿಗೆ ಮೂರೂ ಒಂದೇ, ಅದಲು ಬದಲಾದರೆ ಇಂಜಿನ್ ಹಾಳು. ಗೋಣಿಯಲ್ಲಿ ಮೂರೂ ಕಲಸಿಹೋಗಿದ್ದವು. ಮೇಸ್ತ್ರಿ ಬೆಳಕಿಗೆ ಹಿಡಿದು, ಅಂಚಿನ ಗುರುತುಗಳನ್ನು ಉಗುರಿನಿಂದ ಸವರಿ, ಒಂದು ಇಡೀ ಸಂಜೆ ಕೂತು ಎರಡನ್ನು ಗುರುತಿಸಿದರು. ಉಳಿದದ್ದು ಮೂರನೆಯದು.

ಇನ್ನು ಅಳತೆಯ ಕೆಲಸ. ಬ್ಲಾಕನ್ನು ಯೆಯ್ಯಾಡಿಯ ಕಡೆಯ ಒಂದು ಲೇತಿನ ಅಂಗಡಿಗೆ ಒಯ್ದೆವು. ಸವೆದ ಸಿಲಿಂಡರಿನ ಮೂಲ ಅಳತೆಯನ್ನು ತಿಳಿಯುವುದು ಹೇಗೆ ಎಂದು ನಾನು ಕೇಳಿದೆ. ಪಿಸ್ಟನ್ನಿನ ರಿಂಗು ಉಜ್ಜುವ ಜಾಗವಷ್ಟೇ ಸವೆಯುತ್ತದೆ, ರಿಂಗು ತಲುಪದ ತುದಿಯ ಅಂಚಿನಲ್ಲಿ ಹುಟ್ಟಿದಾಗಿನ ಅಳತೆ ಹಾಗೇ ಉಳಿದಿರುತ್ತದೆ ಎಂದರು ಲೇತಿನವರು. ಅಲ್ಲಿ ಗೇಜು ಇಟ್ಟಾಗ ಬಂದದ್ದು 68.5 ಮಿಲಿಮೀಟರ್. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 72 ಮಿಲಿಮೀಟರ್. ನಾನು ಚೀಟಿಯ ಹಿಂದೆ ಗುಣಾಕಾರ ಮಾಡಿದೆ. ಮೂರು ಸಿಲಿಂಡರಿಗೆ 796 ಘನ ಸೆಂಟಿಮೀಟರ್.

ಮೇಸ್ತ್ರಿ ಚೀಟಿ ನೋಡಿದರು. ಮತ್ತೆ ಬ್ಲಾಕಿನ ಕಡೆ ನೋಡಿದರು. "ಇದು ನಮ್ಮ ಎಂಟ್ನೂರರದ್ದೇ ಅಲ್ವಾ!" ಎಂದರು.

ಮಾರುತಿ 800! 1983ರ ಡಿಸೆಂಬರಿನಿಂದ 2014ರವರೆಗೆ ತಯಾರಾದ, ಈ ದೇಶದ ಮೂಲೆ ಮೂಲೆಯ ಮೆಕ್ಯಾನಿಕ್‌ಗೂ ಅಂಗೈಯಷ್ಟು ಪರಿಚಯವಿರುವ ಕಾರು. ಅದರದ್ದೂ 68.5, ಅದರದ್ದೂ 72. ಆಮೇಲೆ ನಾನು ಹುಡುಕಿ ಓದಿದಾಗ ಸಂಬಂಧ ಸ್ಪಷ್ಟವಾಯಿತು. ಮಾರುತಿಯ ಇಂಜಿನ್ ಜಪಾನಿನ ಸುಝುಕಿಯದ್ದು. ಅದೇ ಸುಝುಕಿಯಿಂದ ಪರವಾನಗಿ ಪಡೆದು ಡೇವೂ 1991ರಲ್ಲಿ ಟಿಕೋ ಎಂಬ ಕಾರನ್ನು ಮಾಡಿತ್ತು. ಆ ಇಂಜಿನ್ನೇ ಬೆಳೆದು ಮ್ಯಾಟಿಜ್‌ಗೆ ಬಂದಿತ್ತು. ಯಾರಿಗೂ ಗೊತ್ತಿಲ್ಲದ ಕಂಪೆನಿಯದೆಂದು ಗುಜರಿಗೆ ಹೊರಟಿದ್ದದ್ದು, ಎಲ್ಲರಿಗೂ ಗೊತ್ತಿರುವುದರ ಒಡಹುಟ್ಟು. ಇತ್ತ ನಮ್ಮಲ್ಲಿ ದಿಕ್ಕಿಲ್ಲದ್ದಾದ ಈ ಮ್ಯಾಟಿಜ್ ಅತ್ತ ಉಜ್ಬೇಕಿಸ್ತಾನದಲ್ಲಿ 2018ರವರೆಗೂ ತಯಾರಾಗುತ್ತಿತ್ತು, ತಾಷ್ಕೆಂಟಿನ ಬೀದಿಗಳಲ್ಲಿ ಅದು ತೀರಾ ಸಾಮಾನ್ಯ ಕಾರು. ಅಪರಿಚಿತ ಎಂಬುದು ವಸ್ತುವಿನ ಗುಣವಲ್ಲ, ಅದನ್ನು ನೋಡುವವನು ನಿಂತ ಜಾಗದ್ದು.

ನನಗೆ ಖುಷಿ ತಡೆಯಲಾಗಲಿಲ್ಲ. "ಹಾಗಾದರೆ ಮಾರುತಿಯ ಪಿಸ್ಟನ್ನೇ ಹಾಕಿಬಿಡುವ" ಎಂದೆ. ಮೇಸ್ತ್ರಿ ತಲೆಯಾಡಿಸಿದರು. "ಅಣ್ಣ ತಮ್ಮನ ಮುಖ ಒಂದೇ ಇದ್ರೂ ಚಪ್ಪಲಿಯ ಸೈಜು ಬೇರೆ ಇರ್ತದೆ ಮಾಷ್ಟ್ರೆ." ಪಿಸ್ಟನ್ನಿನ ತಲೆಯ ಆಕಾರ, ಪೆಟ್ರೋಲ್ ಮಿಶ್ರಣವನ್ನು ಒತ್ತುವ ಪ್ರಮಾಣ, ಇಂಧನ ಚಿಮ್ಮಿಸುವ ವ್ಯವಸ್ಥೆ, ಇವೆಲ್ಲ ಬೇರೆಯಿರಬಹುದು, ಅಳತೆ ಸರಿಹೊಂದಿದ ಮಾತ್ರಕ್ಕೆ ಎಲ್ಲವೂ ಹೊಂದುವುದಿಲ್ಲ ಎಂದು ವಿವರಿಸಿದರು. ಸರಿಯಾದ ಪಿಸ್ಟನ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು, ರಾತ್ರಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು. ಬೋಲ್ಟುಗಳನ್ನು ಎಷ್ಟು ಬಿಗಿಯಬೇಕೆಂಬ ಲೆಕ್ಕವಿದ್ದ ಮ್ಯಾನುಯಲ್ಲಿನ ಪುಟಗಳನ್ನು ಕೊಲ್ಲಿಯಲ್ಲಿರುವ ನನ್ನ ಸೋದರಳಿಯ ಹುಡುಕಿ ಮೊಬೈಲಿಗೆ ಕಳಿಸಿದ.

ಇಲ್ಲಿ ನಾನು ಕಲಿತ ಪಾಠ ಇಂಜಿನ್ನಿನದು ಮಾತ್ರವಲ್ಲ. ಗೊತ್ತಿಲ್ಲದ್ದರ ಎದುರು ನಾವು ಎರಡು ಬಗೆಯ ತಪ್ಪು ಮಾಡುತ್ತೇವೆ. "ಇದು ನಮ್ಮದಲ್ಲ, ಇದರ ಸಹವಾಸ ಬೇಡ" ಎಂದು ಗುಜರಿಗೆ ತಳ್ಳುವುದು ಒಂದು. "ಎಲ್ಲವೂ ಒಂದೇ ತಾನೇ" ಎಂದು ನಮ್ಮ ಪಿಸ್ಟನ್ನನ್ನೇ ಅದರೊಳಗೆ ತುರುಕುವುದು ಇನ್ನೊಂದು. ಮೊದಲನೆಯದು ದ್ವೇಷದ ಹಾಗೆ ಕಾಣುತ್ತದೆ, ಎರಡನೆಯದು ಪ್ರೀತಿಯ ಹಾಗೆ. ಆದರೆ ಎರಡಕ್ಕೂ ಮೂಲ ಸೋಮಾರಿತನ. ಎರಡರಲ್ಲೂ ಅಳತೆ ತೆಗೆಯುವ ಕಷ್ಟ ತಪ್ಪುತ್ತದೆ. ನಮ್ಮ ಊರಿನಲ್ಲಿ ಪಕ್ಕದ ಬೀದಿಯವರ ಬಗ್ಗೆ, ಅವರ ಊಟ ಉಡುಗೆ ಹಬ್ಬಗಳ ಬಗ್ಗೆ ನಾವು ಆಡುವ ಮಾತುಗಳನ್ನು ಸ್ವಲ್ಪ ನೆನಪಿಸಿಕೊಳ್ಳಿ. ಅಳತೆ ತೆಗೆದು ಆಡಿದ ಮಾತುಗಳು ಅವುಗಳಲ್ಲಿ ಎಷ್ಟಿವೆ?

ಇದಕ್ಕೆ ಒಂದು ಪ್ರತಿವಾದವೂ ಉಂಟು. ತಿಳಿಯುವವರೆಗೆ ಬಿಚ್ಚಬಾರದು ಎಂದಾದರೆ, ಬಿಚ್ಚದೆ ತಿಳಿಯುವುದು ಹೇಗೆ? 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ ಹುಟ್ಟಿ ಬಸ್ಸು ಓಡಿಸಲು ಹೊರಟಾಗ, ಇಲ್ಲಿನ ಕೈಗಳಿಗೆ ಎಲ್ಲ ಇಂಜಿನ್‌ಗಳೂ ಅಪರಿಚಿತವೇ ಆಗಿದ್ದವು. ಎತ್ತಿನ ಗಾಡಿಯ ಅಚ್ಚು ಬಲ್ಲ ಕೈಗಳು ಅವುಗಳನ್ನು ಬಿಚ್ಚಿಯೇ ಕಲಿತವು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ದೇಶದ ಹಲವೆಡೆ ಇದ್ದಿಲಿನ ಗ್ಯಾಸಿನಲ್ಲಿ ಬಸ್ಸು ಓಡಿಸಲು ಕಲಿತದ್ದೂ ಅಂಥ ಕೈಗಳೇ. ನಾವು "ನಮ್ಮ ದೇಶದ ಕಾರು" ಎಂದು ಹೆಮ್ಮೆಪಡುತ್ತಿದ್ದ ಅಂಬಾಸಿಡರ್ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯೆಟ್. ಘಟ್ಟದ ಜೀಪುಗಳಲ್ಲಿ ಗುಡುಗುಟ್ಟುತ್ತಿದ್ದ ಡೀಸೆಲ್ ಇಂಜಿನ್ನಿನ ಮೂಲ ಫ್ರಾನ್ಸಿನ ಪ್ಯೂಜೋ. 2007ರಿಂದ ಸ್ವಿಫ್ಟ್ ಡೀಸೆಲ್ ಎಂದು ನಾವು ಮುಗಿಬಿದ್ದು ಕೊಂಡ ಮಾರುತಿಯ ಒಳಗಿದ್ದದ್ದು ಫಿಯೆಟ್‌ನಿಂದ ಬಂದ ಇಂಜಿನ್. ಬಾನೆಟ್ಟಿನ ಮೇಲಿನ ಹೆಸರು ನೋಡಿ "ನಮ್ಮದು" ಎಂದವರು ಬಾನೆಟ್ ಎತ್ತಿ ನೋಡಿರಲಿಲ್ಲ. ಪರಿಚಿತ ಎಂದರೆ ಬಹಳ ಕಾಲದಿಂದ ಮನೆಯಲ್ಲಿ ಉಳಿದ ಅಪರಿಚಿತ, ಅಷ್ಟೆ.

ಆದ್ದರಿಂದ ಗೊತ್ತಿಲ್ಲದ್ದನ್ನು ಬಿಚ್ಚುವುದು ಪಾಪವಲ್ಲ. ಆದರೆ ಬಿಚ್ಚುವವನ ಮೇಲೆ ಮೂರು ಹೊಣೆಗಳಿವೆ. ಗೊತ್ತಿಲ್ಲ ಎಂಬುದನ್ನು ಒಡೆಯನಿಗೆ ಮೊದಲೇ ಹೇಳಬೇಕು, ಏಕೆಂದರೆ ನಷ್ಟವಾದರೆ ಅವನದು. ಬಿಚ್ಚಿದ ಪ್ರತಿಯೊಂದಕ್ಕೂ ಗುರುತು ಹಾಕಬೇಕು, ಏಕೆಂದರೆ ತನ್ನಿಂದ ಆಗದಿದ್ದರೆ ಮುಂದಿನವನಿಗೆ ಅದು ಸಿಗಬೇಕು. ಊಹೆಯ ಜಾಗದಲ್ಲಿ ಅಳತೆ ಇಡಬೇಕು. ಈ ಮೂರೂ ಇದ್ದರೆ ಅಜ್ಞಾನ ಕಲಿಕೆಯಾಗುತ್ತದೆ, ಇಲ್ಲದಿದ್ದರೆ ಅದು ಹಾಳುಗೆಡಹುವ ಕೆಲಸ.

ಇನ್ನೊಂದು ಹೊಣೆ ಮಾಡಿದವನದು. ಅಲ್ ಜಝರಿ ಎಂಬ ಯಂತ್ರಶಿಲ್ಪಿ 1206ರಲ್ಲಿ ಇಂದಿನ ತುರ್ಕಿಯ ದಿಯಾರ್‌ಬಕಿರ್‌ನಲ್ಲಿ ಒಂದು ಗ್ರಂಥ ಮುಗಿಸಿದ. ನೀರಿನ ಗಡಿಯಾರಗಳು, ಕ್ರ್ಯಾಂಕಿನಿಂದ ನಡೆಯುವ ನೀರೆತ್ತುವ ಯಂತ್ರ ಹೀಗೆ ಐವತ್ತು ಸಾಧನಗಳನ್ನು ಅದರಲ್ಲಿ ವಿವರಿಸಿದ. ಪ್ರತಿ ಭಾಗದ ಆಕಾರ, ಅಳತೆ, ಜೋಡಿಸುವ ಕ್ರಮ ಎಲ್ಲವನ್ನೂ ಬರೆದಿಟ್ಟ. ಅವನ ಒಡೆಯರಾದ ಅರ್ತುಕಿದ್ ರಾಜವಂಶ ಅಳಿದು ಶತಮಾನಗಳೇ ಕಳೆದಿವೆ. ಆದರೂ 1976ರಲ್ಲಿ ಲಂಡನ್ನಿನ ವಿಜ್ಞಾನ ಸಂಗ್ರಹಾಲಯಕ್ಕಾಗಿ ಅವನ ದೊಡ್ಡ ನೀರಿನ ಗಡಿಯಾರವನ್ನು ಆ ವಿವರಗಳ ಆಧಾರದಲ್ಲೇ ಮತ್ತೆ ಕಟ್ಟಿದರು. ಮಾಡಿದವನು ಹೋದ ಮೇಲೂ ಮಾಡಿದ್ದು ಬದುಕಬೇಕಾದರೆ ಹೀಗೆ ಬರೆದಿಡಬೇಕು. ನಮ್ಮ ಕಾಲದ ಕಂಪೆನಿಗಳು ಈ ಹೊಣೆಯನ್ನು ಎಷ್ಟು ಹೊತ್ತಿವೆ? 2017ರ ಕೊನೆಗೆ ಶೆವರ್ಲೆ ಇಲ್ಲಿ ಮಾರಾಟ ನಿಲ್ಲಿಸಿತು. 2021ರಲ್ಲಿ ಫೋರ್ಡ್ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಕಾರುಗಳು ಮಾತ್ರ ರಸ್ತೆಯಲ್ಲೇ ಉಳಿದವು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣ ತೆರೆದು, ವಾಹನಗಳನ್ನೂ ಅದರಲ್ಲಿ ಸೇರಿಸಿತು. ಕೈಪಿಡಿ, ಬಿಡಿಭಾಗ, ದುರಸ್ತಿಯ ಮಾಹಿತಿ ಬಳಕೆದಾರನಿಗೆ ಸಿಗಬೇಕೆಂಬುದು ಅದರ ಹಿಂದಿನ ಆಶಯ. ಎಂಟುನೂರು ವರ್ಷಗಳ ಹಿಂದೆ ಒಬ್ಬ ಕುಶಲಕರ್ಮಿ ತಾನಾಗಿ ಮಾಡಿದ ಕೆಲಸಕ್ಕೆ ನಾವಿಂದು ಸರಕಾರದ ಮೊರೆ ಹೋಗಬೇಕಾಗಿದೆ.

ಇಷ್ಟೆಲ್ಲ ಬರೆದ ಮೇಲೆ ನನ್ನ ಒಂದು ವಿಷಯವನ್ನು ಮುಚ್ಚಿಟ್ಟರೆ ಅದು ಅಪ್ರಾಮಾಣಿಕವಾದೀತು. ನಾನು ಕತೆ ಬರೆಯುವವನು. ಕತೆಗಾರನೂ ಬಿಚ್ಚುವವನೇ. ಹಲವು ವರ್ಷಗಳ ಹಿಂದೆ ಕುದ್ರೋಳಿಯ ನಮ್ಮ ಓಣಿಯ ಒಂದು ಮನೆಯ ತಲಾಖ್‌ನ ಪ್ರಕರಣವನ್ನು ಇಟ್ಟುಕೊಂಡು ನಾನೊಂದು ಕತೆ ಬರೆದೆ. ಹೆಸರು ಬದಲಿಸಿದ್ದೆ. ಓದಿದವರು ಮೆಚ್ಚಿದರು. ಆದರೆ ಓಣಿಯವರಿಗೆ ಅದು ಯಾರ ಮನೆಯೆಂದು ಎರಡನೆಯ ಪುಟದಲ್ಲೇ ತಿಳಿಯಿತು. ಆ ಮನೆಯ ಖಾಲಾ ನನ್ನ ಅಮ್ಮಿಯ ಜೊತೆ ಮಾತು ಬಿಟ್ಟರು. ಹುಡುಗಿಯ ಮನಸ್ಸಿನಲ್ಲಿ ಏನಿತ್ತು ಎಂಬುದು ನನಗೆ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ, ಊಹಿಸಿ ಬರೆದಿದ್ದೆ. ಯಾರದೋ ಟೋಪಿಯನ್ನು ಯಾರದೋ ರಾಡಿಗೆ ಬಿಗಿದಿದ್ದೆ. ಅನ್ಯಾಯದ ವಿರುದ್ಧ ಬರೆದಿದ್ದೇನೆ ಎಂಬ ಹೆಮ್ಮೆಯಲ್ಲಿ, ಯಾರಿಗೆ ಅನ್ಯಾಯವಾಗಿತ್ತೋ ಅವರನ್ನೇ ಗೋಣಿಯಲ್ಲಿ ಕಟ್ಟಿ ಬೀದಿಗೆ ಇಟ್ಟಿದ್ದೆ. ಬರೆಯಬಾರದಿತ್ತು ಎಂದು ಈಗಲೂ ನಾನು ಹೇಳಲಾರೆ. ಆದರೆ ಕೇಳಿ ಬರೆಯಬೇಕಿತ್ತು. ಇಂದು ಜೇಬಿನಲ್ಲಿ ಫೋನಿರುವ ಪ್ರತಿಯೊಬ್ಬನೂ ಬೇರೆಯವರ ಮನೆಯನ್ನು ಬಿಚ್ಚಿ ಹರಡುವ ಕಾಲದಲ್ಲಿ, ಈ ತಪ್ಪು ಕತೆಗಾರನೊಬ್ಬನದೇ ಅಲ್ಲ.

ಒಂದೂವರೆ ತಿಂಗಳ ಮೇಲೆ ಇಂಜಿನ್ ಕಾರಿನಲ್ಲಿ ಕೂತಿತು. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಒಂದು ಸುತ್ತಿನಲ್ಲಿ ಸ್ವಲ್ಪ, ಮತ್ತೊಂದು ಸುತ್ತಿನಲ್ಲಿ ಇನ್ನಷ್ಟು, ಹೀಗೆ ಮೂರು ಸುತ್ತಿನಲ್ಲಿ ಬಿಗಿದರು. ಒಂದೇ ಸಲಕ್ಕೆ ಬಿಗಿದರೆ ಹೆಡ್ಡು ಬಾಗುತ್ತದಂತೆ. ಚಾವಿ ತಿರುಗಿಸಿದಾಗ ನಾಲ್ಕನೆಯ ಸಲಕ್ಕೆ ಸ್ಟಾರ್ಟ್ ಆಯಿತು. ಬಿಲ್ಲು ಮೇಸ್ತ್ರಿ ಮೊದಲೇ ಹೇಳಿದ ಹಾಗೆ ಕಾರಿನ ಬೆಲೆಗಿಂತ ಹೆಚ್ಚೇ ಆಗಿತ್ತು. ಕಲಿತ ದಿನಗಳ ಕೂಲಿ ಅದರಲ್ಲಿ ಇರಲಿಲ್ಲ. ಗೋಣಿಯಲ್ಲಿ ಎರಡು ಬೋಲ್ಟು ಉಳಿದಿದ್ದವು, ಅವು ಈ ಇಂಜಿನ್ನಿನವೇ ಅಲ್ಲ. ಹೊರಡುವಾಗ ಆ ರಟ್ಟನ್ನೂ ನನಗೇ ಕೊಟ್ಟರು. ಬೋಲ್ಟು ಚುಚ್ಚಿದ ತೂತುಗಳ ಪಕ್ಕದಲ್ಲಿ ಈಗ ಅಳತೆಗಳನ್ನೂ ಬರೆದಿದ್ದರು. "ಇಟ್ಕೊಳ್ಳಿ. ಮುಂದೆ ಬೇರೆ ಯಾರಾದ್ರೂ ಬಿಚ್ಚಿದ್ರೆ ಬೇಕಾದೀತು. ಮೊದಲ ಸಾವಿರ ಕಿಲೋಮೀಟರು ನಿಧಾನ ಹೋಗಿ. ಹೊಸತಾಗಿ ಸೇರಿದ್ದಕ್ಕೆ ಒಂದಕ್ಕೊಂದು ಹೊಂದ್ಲಿಕ್ಕೆ ಸಮಯ ಬೇಕು."

ಮರುದಿನ ನಾನು ಖಾಲಾರ ಮನೆಯ ಬಾಗಿಲು ತಟ್ಟಿದೆ. "ನನಗೆ ಏನೂ ಗೊತ್ತಿರಲಿಲ್ಲ ಖಾಲಾ, ಗೊತ್ತಿದ್ದವನ ಹಾಗೆ ಬರೆದುಬಿಟ್ಟೆ" ಎಂದೆ. ಅವರು ಬಾಗಿಲಲ್ಲೇ ನಿಂತು ಕೇಳಿದರು. ಒಳಗೆ ಕರೆಯಲಿಲ್ಲ. ನಾನು ಮೆಟ್ಟಿಲು ಇಳಿಯುವಾಗ ಹಿಂದಿನಿಂದ, "ಅಮ್ಮಿಗೆ ಸಲಾಂ ಹೇಳು" ಎಂದರು.